ಎಡಗಡೆಯ ಎರಡು ಡಿಗ್ರಿ

ಹೊಸ ಥರ್ಮಲ್ ಕ್ಯಾಮೆರಾ ಬಂದ ದಿನ ನಮ್ಮ ಸಾಹೇಬರು ಅದನ್ನು ಡಬ್ಬಿಯಿಂದ ತೆಗೆದು ನೇರವಾಗಿ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವಳ ಕೈಗೆ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೈ ಅರ್ಧ ಮುಂದೆ ಚಾಚಿದ್ದೆ ಕೂಡ. ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಡಬ್ಬಿಯೊಳಗಿನ ಥರ್ಮೋಕೋಲ್ ಎತ್ತಿಕೊಂಡು ಹೋಗಿ ಕಸದ ಬುಟ್ಟಿಗೆ ಹಾಕಿ ಬಂದೆ. ಅವತ್ತು ಶುರುವಾಯಿತು ನನ್ನ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚೆಂದದ ಹೆಸರಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಕೋಥರೂಡದ ಒಂದು ಸೊಸೈಟಿಯ ತಳಮಹಡಿಯಲ್ಲಿ ನಮ್ಮ ಆಫೀಸು. ಪುಣೆಯ ಸುತ್ತಮುತ್ತಲಿನ ಕಾರ್ಖಾನೆಗಳ ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸಿ ವರದಿ ಕೊಡುತ್ತೇವೆ. ಟ್ರಾನ್ಸ್‌ಫಾರ್ಮರಿನ ಎಣ್ಣೆ ನೋಡುವವರು ಬೇರೆ, ರಿಲೇ ನೋಡುವವರು ಬೇರೆ. ಥರ್ಮಲ್ ಕ್ಯಾಮೆರಾದ ಕೆಲಸ ಬಹಳ ವರ್ಷಗಳಿಂದ ನನ್ನೊಬ್ಬಳದೇ ಆಗಿತ್ತು. ಚಾಲೂ ಇರುವ ಲೈನನ್ನು ಮುಟ್ಟದೆ, ಬೇಲಿಯಾಚೆ ನಿಂತು, ಎಲ್ಲಿ ಬಿಸಿ ಏರಿದೆ ಎಂದು ಕ್ಯಾಮೆರಾದಲ್ಲಿ ಹುಡುಕುವ ಕೆಲಸ. ಹೆಚ್ಚಾಗಿ ಹುಡುಕುವುದು ಕೇಬಲ್ಲಿನ ತುದಿಗಳಲ್ಲಿ. ನೆಲದೊಳಗಿಂದ ಬಂದ ದಪ್ಪ ಕೇಬಲ್ಲು ಮೇಲೆದ್ದು, ಪದರ ಪದರವಾಗಿ ಸಿಪ್ಪೆ ಸುಲಿಸಿಕೊಂಡು, ತುದಿಗೆ ಲಗ್ ಎಂಬ ಲೋಹದ ತೊಡಿಗೆ ತೊಟ್ಟು ಬಸ್‌ಬಾರಿನ ಲೋಹದ ಪಟ್ಟಿಗೆ ಬೋಲ್ಟಾಗುವ ಆ ಜಾಗಕ್ಕೆ ಟರ್ಮಿನೇಶನ್ ಎನ್ನುತ್ತೇವೆ. ಕೇಬಲ್ಲು ಕೆಡುವುದಿದ್ದರೆ ಬಹಳ ಸಲ ಅಲ್ಲೇ ಕೆಡುತ್ತದೆ. ಕೆಟ್ಟರೆ ಸುಮ್ಮನೆ ಕೆಡುವುದಿಲ್ಲ, ಸಿಡಿಯುತ್ತದೆ. ಅದು ಸಿಡಿಯುವ ಮೊದಲೇ ಹೇಳಿ, ವರದಿಯ ಕೆಳಗೆ ಸಹಿ ಹಾಕುವವಳು ನಾನು. ಆ ಸಹಿಯ ಮೇಲೆ ನನಗೆ ಇದ್ದ ಜಂಬ ಅಷ್ಟಿಷ್ಟಲ್ಲ.

ಅವಳು ಮೈಸೂರಿನ ಕಡೆಯವಳು. ಹಿಂಜವಾಡಿಯಲ್ಲಿ ಅಕ್ಕನ ಫ್ಲ್ಯಾಟಿನಲ್ಲಿದ್ದಳು. ದಿನಾ ಆ ಸುಡುಗಾಡು ಟ್ರಾಫಿಕ್ಕಿನಲ್ಲಿ ಸ್ಕೂಟರ್ ಹೊಡೆದುಕೊಂಡು ಬಂದರೂ ಕೂದಲು ಕೆದರಿರುತ್ತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಯುರಿ. ಅವಳ ಹತ್ತಿರ ಥರ್ಮೋಗ್ರಫಿಯ ಸರ್ಟಿಫಿಕೇಟ್ ಇತ್ತು. ಅವಳ ವರದಿಗಳಲ್ಲಿ ಬಣ್ಣಬಣ್ಣದ ಚಿತ್ರ, ಬಾಣದ ಗುರುತು, ಗ್ರಾಫು. ನನ್ನವು ಒಣ ಕೋಷ್ಟಕಗಳು. ಗಿರಾಕಿಗಳು ಫೋನ್ ಮಾಡಿ, ಆ ಹೊಸ ಮೇಡಮ್ಮನ್ನೇ ಕಳಿಸಿ ಎನ್ನತೊಡಗಿದರು. ಆ ಫೋನ್ ಎತ್ತುವವಳೂ ನಾನೇ. ‘ಹಾಂ, ಕಳಸ್ತೀವ್ರಿ’ ಎಂದು ಸಿಹಿಯಾಗಿ ಹೇಳಿ ಫೋನು ಕುಕ್ಕುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕುಳಿತು ನಾನು ಬಾಯಿ ತೆರೆದರೆ ಸಾಕು, ನಮ್ಮ ಮನೆಯವರು, “ಇವತ್ತೂ ಆಕೀ ಸುದ್ದಿನ ಏನು? ಮದಲ ಪಲ್ಯಾ ಹಾಕು” ಎನ್ನುತ್ತಿದ್ದರು.

ದಸರೆ ಮುಗಿದು ದೀಪಾವಳಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಸಾಹೇಬರು ನಮ್ಮಿಬ್ಬರನ್ನೂ ಕರೆದರು. ಅವರು ಬೆಳಗಾವಿಯವರು, ಎಂಥ ಕಹಿ ಮಾತನ್ನೂ ಮೆತ್ತಗೆ ಹೇಳುವ ಪೈಕಿ.

“ಹಬ್ಬ ಆದ ಮ್ಯಾಲೆ ಥರ್ಮಲ್ ಸೆಕ್ಷನ್ ಬ್ಯಾರೇನ ಮಾಡೂಣು ಅಂತದ. ಸೆಕ್ಷನ್ನಿಗೆ ಒಬ್ರ ಸಹಿ ಸಾಕು. ಯಾರದು ಅನ್ನೂದು ಇನ್ನಾ ನಾ ವಿಚಾರ ಮಾಡಿಲ್ರಿ.”

ವಿಚಾರ ಮಾಡಿಲ್ಲವಂತೆ! ಹೊಸ ಕ್ಯಾಮೆರಾ ಕೊಟ್ಟಾಗಲೇ ಅರ್ಧ ವಿಚಾರ ಮಾಡಿ ಮುಗಿಸಿದ್ದರು ಎಂದು ನನಗೆ ಗೊತ್ತಿರಲಿಲ್ಲವೇ? ಉಳಿದರ್ಧ ನನ್ನ ಕಡೆಗೆ ತಿರುಗಬೇಕಾದರೆ ಒಂದೇ ದಾರಿ: ಅವಳು ಎಲ್ಲಾದರೂ ಎಡವಬೇಕು, ಎಡವಿದ್ದನ್ನು ನಾನು ತೋರಿಸಬೇಕು. ಆ ವಾರವಿಡೀ ಅದನ್ನೇ ಕಾಯ್ದೆ.

ಆ ವಾರವೇ ಅವಳು ಸಾಸವಡದ ಆಚೆಗಿನ ಒಂದು ಹಾಲಿನ ಡೇರಿಗೆ ಹೋಗಿ ಬಂದಳು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಮೇಜಿಗೆ ಬಂದಳು.

“ಮೇಡಂ, ಒಂದ್ನಿಮಿಷ ಇದ್ಯಾ? ಮಿಡ್ಲ್ ಫೇಸ್ ನೋಡಿ. ಸಿಕ್ಕಾಪಟ್ಟೆ ಹಾಟ್ ಬಂದಿದೆ.”

ಡೇರಿಯ ಬೇಲಿ ಹಾಕಿದ ವಿದ್ಯುತ್ ಯಾರ್ಡಿನಲ್ಲಿ ಮೂರು ಕೇಬಲ್ಲುಗಳು ಸಾಲಾಗಿ ಕಂಬ ಹತ್ತಿ ಮೇಲೆ ಬರುತ್ತವೆ, ಫೇಸಿಗೊಂದು. ಮೂರರ ಲೋಡೂ ಒಂದೇ ಆದ್ದರಿಂದ ಮೂರರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ನಮ್ಮ ಕೆಲಸದ ಮೂಲಪಾಠ ಅಷ್ಟೇ: ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದು. ಅವಳ ಚಿತ್ರದಲ್ಲಿ ಎಡಗಡೆಯ ಲಗ್ಗೂ ಬಲಗಡೆಯ ಲಗ್ಗೂ ಕಪ್ಪುನೇರಳೆ ಬಣ್ಣದಲ್ಲಿದ್ದರೆ ನಡುವಿನದು ಬೆಳ್ಳಗೆ ಉರಿಯುತ್ತಿತ್ತು. ಇಪ್ಪತ್ತು ಡಿಗ್ರಿಗೂ ಮೀರಿದ ವ್ಯತ್ಯಾಸ. ಬೋಲ್ಟು ಸಡಿಲವಾಗಿರಬೇಕು ಅಥವಾ ಲಗ್ಗಿನ ಹಿಡಿತ ಬಿಟ್ಟಿರಬೇಕು. ಕೂಡಲೇ ಲೈನ್ ಬಂದ್ ಮಾಡಿ ಸರಿಪಡಿಸಿ ಎಂದು ಬರೆಯುವಂಥದ್ದು. ಅವಳು ಹಾಗೆಯೇ ಬರೆದಿದ್ದಳು. ಡೇರಿಯ ಮ್ಯಾನೇಜರು ಗಾಬರಿಯಾಗಿ ರವಿವಾರ ಶಟ್‌ಡೌನ್ ಕೊಡಲು ಒಪ್ಪಿದ್ದರು. ಹಬ್ಬದ ಶ್ರೀಖಂಡ, ಪೇಢಾ ಎಂದು ಡೇರಿ ಹಗಲೂ ರಾತ್ರಿ ಓಡುವ ಸಮಯದಲ್ಲಿ ಒಂದು ಹೊತ್ತು ನಿಲ್ಲಿಸುವುದೆಂದರೆ ಸಣ್ಣ ಮಾತಲ್ಲ.

ನಾನು ಚಿತ್ರವನ್ನು ಹಿಗ್ಗಿಸಿ ನೋಡಿದೆ. ಏನೋ ಸರಿಯಿಲ್ಲ ಅನ್ನಿಸಿತು. ಬಿಸಿಯೆಂಬುದು ಹರಡಬೇಕು. ಸಡಿಲ ಬೋಲ್ಟಿನ ಬಿಸಿ ಲಗ್ಗಿನಿಂದ ಕೆಳಗೆ ಕೇಬಲ್ಲಿಗೆ ಇಳಿಯುತ್ತ, ಇಳಿಯುತ್ತ ಕಡಿಮೆಯಾಗಬೇಕು. ಇಲ್ಲಿ ಬಿಳುಪು ಕತ್ತರಿಯಿಂದ ಕತ್ತರಿಸಿದಂತೆ ಥಟ್ಟನೆ ನಿಂತಿತ್ತು. ಆದರೆ ಕೋನ ಸರಿಯಿರಲಿಲ್ಲ, ಖಾತ್ರಿ ಆಗಲಿಲ್ಲ. ಖಾತ್ರಿಯಾದ ಮೇಲೆ ಅಲ್ಲೇ, ಎಲ್ಲರ ಎದುರಿಗೆ ಹೇಳಬೇಕೆಂಬ ಆಸೆಯೂ ಇತ್ತು.

“ರವಿವಾರ ನಾನೂ ಬರ್ತೀನ್ರಿ” ಎಂದು ಸಾಹೇಬರಿಗೆ ಹೇಳಿದೆ. “ಶಟ್‌ಡೌನ್ ಅಂದ್ರ ಜವಾಬ್ದಾರಿ ಕೆಲಸ. ಹೊಸಬರು ಒಬ್ಬರೇ ಬ್ಯಾಡ.”

ರವಿವಾರ ನಸುಕಿನಲ್ಲಿ ಹೊರಟೆವು. ಹಡಪಸರ ದಾಟಿ ದಿವೇ ಘಾಟ್ ಹತ್ತುವಾಗ ಅವಳು ಡಬ್ಬಿ ತೆಗೆದಳು. ಚಟ್ನಿಪುಡಿ, ತುಪ್ಪ ಸವರಿದ ದೋಸೆ. ಇಡೀ ಗಾಡಿ ಘಮಘಮ.

“ತಗೊಳ್ಳಿ ಮೇಡಂ, ನಾನೇ ಮಾಡಿದ್ದು.”

“ನಂದು ಇವತ್ತ ಉಪಾಸ ಅದರಿ” ಎಂದುಬಿಟ್ಟೆ. ಯಾವ ಉಪವಾಸ, ಯಾವ ದೇವರಿಗೆ, ನನಗೇ ಗೊತ್ತಿರಲಿಲ್ಲ. ದೋಸೆ ಕೂಡ ಇಷ್ಟು ತೆಳ್ಳಗೆ ಮಾಡಬೇಕೇ ಇವಳು! ಡ್ರೈವರ್ ಎರಡು ತಿಂದ. ನಾನು ಹಸಿದ ಹೊಟ್ಟೆಯಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತೆ.

ಡೇರಿ ತಲುಪಿದಾಗ ಬೆಳಕು ಹರಿಯುತ್ತಿತ್ತು. ಆಕಾಶ ತಿಳಿಯಾಗಿತ್ತು, ಗಾಳಿ ಇರಲಿಲ್ಲ. ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು. ಯಾರ್ಡು ಎತ್ತರದ ಕಟ್ಟಡದ ಪಶ್ಚಿಮಕ್ಕಿದ್ದುದರಿಂದ ಮಧ್ಯಾಹ್ನದವರೆಗೆ ಅಲ್ಲಿ ನೆರಳೇ. ಹಾಲಿನ ಟ್ಯಾಂಕರುಗಳು ಬಂದು ಸಾಲುಗಟ್ಟಿದ್ದವು, ಒಳಗೆ ಕಂಪ್ರೆಸರುಗಳು ಪೂರ್ತಿ ಲೋಡಿನಲ್ಲಿ ಓಡುತ್ತಿದ್ದವು. ಕೇಬಲ್ಲಿನ ತುದಿ ಕಟ್ಟುವ ಜಾಯಿಂಟರು ತನ್ನ ಸಾಮಾನು ಹರವಿಕೊಂಡು ಬೇಲಿಯ ಪಕ್ಕ ಕುಳಿತಿದ್ದ. ಬೆಳಗಿನ ಹಾಲು ಮುಗಿದ ಕೂಡಲೇ ಲೈನ್ ಬಂದ್, ಸಂಜೆಯ ಹಾಲು ಬರುವಷ್ಟರಲ್ಲಿ ಚಾಲೂ. ಹಾಗೆಂದು ಮಾತಾಗಿತ್ತು.

ನಾನು ನನ್ನ ಹಳೆಯ ಕ್ಯಾಮೆರಾವನ್ನೂ ದುರ್ಬೀನನ್ನೂ ತಂದಿದ್ದೆ. ಹೆಲ್ಮೆಟ್ ಹಾಕಿಕೊಂಡು ಬೇಲಿಯ ಬೇರೆ ಬೇರೆ ಮೂಲೆಗಳಿಂದ ನೋಡಿದೆ. ನನ್ನ ಕ್ಯಾಮೆರಾದಲ್ಲೂ ನಡುವಿನದೇ ಬೆಳ್ಳಗೆ. ಆಮೇಲೆ ಲಗ್ಗಿನ ಕೆಳಗೆ, ಕಪ್ಪು ರಬ್ಬರಿನಂಥ ಹೊದಿಕೆ ಶುರುವಾಗುವಲ್ಲಿ ಮೂರೂ ಕೇಬಲ್ಲುಗಳನ್ನು ಅಳೆದೆ. ಮೂರೂ ಒಂದೇ! ಲಗ್ಗು ನಿಜವಾಗಿ ಇಪ್ಪತ್ತು ಡಿಗ್ರಿ ಹೆಚ್ಚು ಕಾದಿದ್ದರೆ ಅದರ ಕೆಳಗಿನ ಹೊದಿಕೆಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ದುರ್ಬೀನು ಹಿಡಿದು ನಡುವಿನ ಲಗ್ಗನ್ನು ನೋಡಿದೆ. ಕಿತ್ತಳೆ ಬಣ್ಣ. ಹತ್ತಿರಕ್ಕೆ ಎಳೆದುಕೊಂಡು ಮತ್ತೆ ನೋಡಿದೆ, ನಗು ತಡೆಯಲಾಗಲಿಲ್ಲ.

“ಆ ಕಿತ್ತಳೆ ಬಣ್ಣ ಏನಂತ ಬರದೀರಿ?” ಎಂದು ಅವಳನ್ನು ಕೇಳಿದೆ.

“ಓವರ್‌ಹೀಟ್ ಆಗಿ ಕಲರ್ ಚೇಂಜ್ ಆಗಿದೆ ಅಂತ, ಮೇಡಂ.”

ಡೇರಿಯ ಇಲೆಕ್ಟ್ರಿಕಲ್ ಸೂಪರ್‌ವೈಸರನ್ನು ಕರೆದು, ಮೇಲೆ ಬೆರಳು ತೋರಿಸಿ, ಅದೇನೆಂದು ಮರಾಠಿಯಲ್ಲಿ ಕೇಳಿದೆ. ಆತ ಹೆಮ್ಮೆಯಿಂದ ಕೈ ಜೋಡಿಸಿದ.

“ಶೇಂದೂರ ಆಹೇ, ಮ್ಯಾಡಮ್. ಮಧಲಾ ಆಮ್ಚಾ ಗಣಪತಿ. ದೋನ್ಹೀ ಬಾಜೂಲಾ ರಿದ್ಧಿ-ಸಿದ್ಧಿ.”

ಖಂಡೇನವಮಿಯ, ಅಂದರೆ ಆಯುಧಪೂಜೆಯ, ದಿನ ವರ್ಷದ ಶಟ್‌ಡೌನ್ ತೆಗೆದುಕೊಂಡು, ಎಲ್ಲ ಒರೆಸಿ, ಯಂತ್ರಗಳಿಗೆ ಪೂಜೆ ಮಾಡುವುದು ಅಲ್ಲಿಯ ಪದ್ಧತಿ. ಪ್ಯಾನೆಲ್ಲುಗಳಿಗೆ ಅರಿಶಿನ ಕುಂಕುಮ. ಯಾರ್ಡಿನ ಮೂರು ಫೇಸುಗಳಲ್ಲಿ ನಡುವಿನದು ಗಣಪತಿ, ಎಡಬಲದವು ಅವನ ರಿದ್ಧಿ-ಸಿದ್ಧಿಯರಾದ್ದರಿಂದ ಅವನೊಬ್ಬನಿಗೆ ಎಣ್ಣೆಯಲ್ಲಿ ಕಲಸಿದ ಶೇಂದೂರದ, ಅಂದರೆ ಕಿತ್ತಳೆ ಸಿಂಧೂರದ, ದಪ್ಪ ಲೇಪ. ಮಾರುತಿಗೆ ಹಚ್ಚುತ್ತಾರಲ್ಲ, ಅದೇ. ಮಳೆ ಬಂದರೂ ಹೋಗುವಂಥದ್ದಲ್ಲ.

ಉಳಿದದ್ದು ಸುಲಭ. ಹೊಳೆಯುವ ಲೋಹ ತನ್ನ ಬಿಸಿಯನ್ನು ಕ್ಯಾಮೆರಾಕ್ಕೆ ಪೂರ್ತಿ ಬಿಟ್ಟುಕೊಡುವುದಿಲ್ಲ, ಅದರ ಎಮಿಸಿವಿಟಿ ಕಡಿಮೆ ಎನ್ನುತ್ತೇವೆ. ತನ್ನ ಎದುರಿಗಿರುವುದನ್ನೇ ಕನ್ನಡಿಯಂತೆ ತೋರಿಸುತ್ತದೆ. ಎಡಬಲದ ಲಗ್ಗುಗಳು ತೋರಿಸುತ್ತಿದ್ದುದು ತಣ್ಣನೆಯ ಆಕಾಶವನ್ನು. ಶೇಂದೂರದ ಲೇಪವಿದ್ದ ನಡುವಿನ ಲಗ್ಗು ಮಾತ್ರ ತನ್ನ ನಿಜವಾದ ಬಿಸಿಯನ್ನು ಹೇಳುತ್ತಿತ್ತು. ಪೂರ್ತಿ ಲೋಡಿನಲ್ಲಿ ಯಾವ ಲಗ್ಗಿಗಾದರೂ ಇರಬೇಕಾದಷ್ಟೇ ಬಿಸಿ. ಮೂರೂ ಅಷ್ಟೇ ಬಿಸಿಯಿದ್ದವು, ಯಾವುದೂ ಕೆಟ್ಟಿರಲಿಲ್ಲ.

ಇಷ್ಟನ್ನು ಅವಳೊಬ್ಬಳಿಗೇ ಪಕ್ಕಕ್ಕೆ ಕರೆದು ಹೇಳಬಹುದಿತ್ತು. ನಾನೇಕೆ ಹೇಳಲಿ? ಸೀದಾ ಮ್ಯಾನೇಜರ ಕೋಣೆಗೆ ಹೋಗಿ, ಅವಳನ್ನೂ ಕರೆಸಿ, ಸೂಪರ್‌ವೈಸರನ್ನೂ ನಿಲ್ಲಿಸಿಕೊಂಡು, ಮರಾಠಿಯಲ್ಲಿ, ಅವಳಿಗೆ ಅರ್ಧ ತಿಳಿಯುವ ಅರ್ಧ ತಿಳಿಯದ ಭಾಷೆಯಲ್ಲಿ, ಸಾವಕಾಶವಾಗಿ ವಿವರಿಸಿದೆ. ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಗಣಪತಿಯನ್ನೇ ಕತ್ತರಿಸಲು ಹೊರಟಿದ್ದಿರಾ ಎಂದು ಅವಳನ್ನು ಛೇಡಿಸಿದರು. ಅವಳ ಕಿವಿಗಳು ಕೆಂಪಾದವು. ತಲೆ ತಗ್ಗಿಸಿ ಹೊರಗೆ ಹೋದಳು. ನನಗೆ ಆದ ಆನಂದವನ್ನು ಏನು ಹೇಳಲಿ! ಎಷ್ಟೋ ತಿಂಗಳಿಂದ ಎದೆಯ ಮೇಲೆ ಕುಳಿತದ್ದು ಎದ್ದು ಹೋದ ಹಾಗೆ.

“ಶಟ್‌ಡೌನ್ ರದ್ದು ಮಾಡ್ರಿ” ಎಂದೆ. ಮ್ಯಾನೇಜರು ಕೂಡಲೇ ಫೋನ್ ತೆಗೆದು, ಬೇರೆ ಕಡೆಗೆ ತಿರುಗಿಸಿದ್ದ ಮಧ್ಯಾಹ್ನದ ಟ್ಯಾಂಕರುಗಳನ್ನು ವಾಪಸು ಕರೆಸಿದರು. ನನಗೆ ಮಸಾಲೆ ಮಜ್ಜಿಗೆ ತರಿಸಿದರು. ಉಪವಾಸವೆಂದು ಹೇಳಿದ್ದು ನೆನಪಾದರೂ ಎರಡು ಗ್ಲಾಸು ಕುಡಿದೆ. ಮನಸ್ಸಿನಲ್ಲೇ ಥರ್ಮಲ್ ಸೆಕ್ಷನ್ನಿನ ವರದಿಗೆ ಸಹಿ ಹಾಕುತ್ತಿದ್ದೆ.

ಹೊರಟುಬಿಡೋಣವೆಂದು ಅವಳನ್ನು ಹುಡುಕುತ್ತ ಬಂದರೆ ಅವಳು ಗಾಡಿಯಲ್ಲಿರಲಿಲ್ಲ. ಅಳುತ್ತ ಎಲ್ಲಾದರೂ ಕುಳಿತಿರಬಹುದು ಎಂದುಕೊಂಡೆ. ಅವಳು ಯಾರ್ಡಿನ ಬೇಲಿಗೆ ಒರಗಿ ನಿಂತು ಕ್ಯಾಮೆರಾ ಹಿಡಿದಿದ್ದಳು.

“ಇನ್ನೇನ್ ನೋಡ್ತೀರಿ? ಗಣಪತಿಗೆ ಆರತಿ ಮಾಡೂದದ ಏನು?”

“ಸಾರಿ ಮೇಡಂ, ಎಮಿಸಿವಿಟಿ ನಾನು ಚೆಕ್ ಮಾಡ್ಬೇಕಿತ್ತು. ಅದು ನನ್ ತಪ್ಪೇ” ಎಂದಳು, ಕ್ಯಾಮೆರಾದಿಂದ ಕಣ್ಣು ತೆಗೆಯದೆ. “ಆದ್ರೆ ಇಲ್ಬನ್ನಿ. ಲಗ್ಗನ್ನ ಫ್ರೇಮಿಂದ ಹೊರಗಿಟ್ಟೆ. ಇದೇನು ನೋಡಿ.”

ಕ್ಯಾಮೆರಾ ತನ್ನ ಬಣ್ಣಗಳನ್ನು ಚಿತ್ರದಲ್ಲಿರುವ ಅತಿ ತಣ್ಣಗಿನದರಿಂದ ಅತಿ ಬಿಸಿಯದರವರೆಗೆ ಹಂಚುತ್ತದೆ. ಶೇಂದೂರ ಹಚ್ಚಿದ ಲಗ್ಗು ಚಿತ್ರದಲ್ಲಿರುವವರೆಗೆ ಎಲ್ಲ ಬಣ್ಣ ಅದಕ್ಕೇ ಖರ್ಚಾಗುತ್ತಿತ್ತು, ಕೆಳಗಿನದೆಲ್ಲ ಒಂದೇ ನೇರಳೆಯಾಗಿ ಕಾಣುತ್ತಿತ್ತು. ಅವಳು ಲಗ್ಗುಗಳನ್ನು ಬಿಟ್ಟು ಬರೀ ಟರ್ಮಿನೇಶನ್ನುಗಳ ಮೈಯನ್ನಷ್ಟೇ ಹಿಡಿದು, ಬಣ್ಣಗಳ ಹರವನ್ನು ನಾಲ್ಕೈದು ಡಿಗ್ರಿಗೆ ಬಿಗಿದಿದ್ದಳು. ಎಡಗಡೆಯ ಟರ್ಮಿನೇಶನ್ನಿನ ಬುಡದಲ್ಲಿ, ಕೇಬಲ್ಲಿನ ಹೊರಗಿನ ಲೋಹದ ಕವಚ ಕತ್ತರಿಸಿ ಮುಗಿಯುವ ಜಾಗದಲ್ಲಿ, ಅಂಗೈಯಗಲದ ಒಂದು ಪಟ್ಟಿ ಹಳದಿಯಾಗಿ ಕಾಣುತ್ತಿತ್ತು. ಉಳಿದೆರಡರ ಬುಡದಲ್ಲಿ ಏನೂ ಇರಲಿಲ್ಲ.

“ಎಷ್ಟದ?”

“ಟೂ ಡಿಗ್ರೀಸ್. ಸ್ವಲ್ಪ ಜಾಸ್ತಿ.”

ನಾನು ಜೋರಾಗಿ ನಕ್ಕೆ. “ಎರಡು ಡಿಗ್ರಿ! ನನ್ನ ಕೋಷ್ಟಕದಾಗ ಹತ್ತರ ಕೆಳಗಿಂದು ಲೆಕ್ಕಕ್ಕ ಇಲ್ಲ. ಸೋತಮ್ಯಾಲೆ ಸುಮ್ಮನ ಮನೀಗೆ ಹೋಗಬೇಕರಿ, ಹಿಂಗ ಹುಲ್ಲುಕಡ್ಡಿ ಹಿಡೀಬಾರದು.”

ಅವಳು ಮುಖ ಊದಿಸಿಕೊಳ್ಳಲಿಲ್ಲ. “ಅದು ಬೋಲ್ಟಿಗೆ ಮೇಡಂ. ಬೋಲ್ಟು ಕರೆಂಟಿಗೆ ಬಿಸಿ ಆಗತ್ತೆ. ಇಲ್ಲಿ ಕರೆಂಟ್ ಹರಿಯೋ ಜಾಯಿಂಟೇ ಇಲ್ವಲ್ಲ? ಇನ್ಸುಲೇಶನ್ ಒಳಗೆ ವೋಲ್ಟೇಜಿಂದ ಬಿಸಿ ಆಗ್ತಿದ್ರೆ, ಹೊರಗೆ ಎರಡೇ ಡಿಗ್ರಿ ಕಂಡ್ರೂ ಡೇಂಜರ್ರೇ.”

ಅವಳು ಹೇಳಿದ್ದು ಪುಸ್ತಕದ ಮಾತೆಂದು ತಳ್ಳಿಹಾಕಬೇಕೆನ್ನಿಸಿತು. ಆದರೆ ನಾನೂ ಓದಿದವಳೇ, ಅದು ಸರಿಯಿರಬಹುದೆಂದು ಗೊತ್ತಿತ್ತು. ಮೈಯೆಲ್ಲ ಉರಿಯಿತು. ಇಷ್ಟು ಹೊತ್ತು ನಾನು ಆ ನಡುವಿನ ಲಗ್ಗನ್ನು ಎಂಟು ಕಡೆಯಿಂದ ನೋಡಿದ್ದೆ, ಯಾಕೆಂದರೆ ಅವಳ ತಪ್ಪು ಅಲ್ಲಿತ್ತು. ಎಡಗಡೆಯ ಬುಡದ ಕಡೆಗೆ ನನ್ನ ಕ್ಯಾಮೆರಾ ತಿರುಗಿರಲೇ ಇಲ್ಲ.

“ಪುರಾವೆ ಬೇಕು” ಎಂದೆ. “ಬೆಳಗಿನ ಹಾಲು ಮುಗದಮ್ಯಾಲೆ ಪೈಪ್ ತೊಳೀಲಿಕ್ಕೆ ಕಂಪ್ರೆಸರ್ ಇಳಸ್ತಾರ. ಆಗ ಲೋಡ್ ಬೀಳತದ. ಕರೆಂಟಿನ ಬಿಸಿ ಇದ್ರ ಅದ್ರ ಜೋಡಿ ನಿಮ್ಮ ಎರಡು ಡಿಗ್ರಿನೂ ಬೀಳಬೇಕು. ವೋಲ್ಟೇಜಿಂದಾದ್ರ ಬೀಳಂಗಿಲ್ಲ, ಯಾಕಂದ್ರ ಲೋಡ್ ಇರಲಿ ಬಿಡಲಿ, ವೋಲ್ಟೇಜ್ ಅಷ್ಟ ಇರತದ. ಬೀಳಲಿಲ್ಲಂದ್ರ ನಾ ಒಪ್ಪತೀನಿ.”

“ಹೌದಲ್ವಾ! ಸೂಪರ್ ಐಡಿಯಾ ಮೇಡಂ” ಎಂದು ಕಣ್ಣರಳಿಸಿದಳು. ಅವಳ ಬಾಯಿ ಮುಚ್ಚಿಸಲು ಹೇಳಿದ್ದನ್ನು ಅವಳು ಹಬ್ಬದಂತೆ ಎತ್ತಿಕೊಂಡಳು. ಇಂಥವರ ಜೊತೆ ಜಗಳವಾಡುವುದು ಹೇಗೆ?

ಕಾಯ್ದೆವು. ಅವಳು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕಟ್ಟಿ, ಕೋನ ಬದಲಾಗದಂತೆ ಕಾಲ ಬಳಿ ಇಟ್ಟಿಗೆಗಳನ್ನಿಟ್ಟಳು. ನಾನು ಸೂಪರ್‌ವೈಸರಿಂದ ಲೋಡಿನ ಅಂಕಿ ತರಿಸುತ್ತಿದ್ದೆ. ಬೆಳಗಿನ ಟ್ಯಾಂಕರುಗಳು ಖಾಲಿಯಾದವು. ಒಳಗಿನ ಕಂಪ್ರೆಸರುಗಳು ಒಂದೊಂದಾಗಿ ನಿಂತವು, ಲೋಡು ಕಾಲು ಭಾಗಕ್ಕೆ ಇಳಿಯಿತು. ನನ್ನ ಹಳೆಯ ಕ್ಯಾಮೆರಾದಲ್ಲಿ ಶೇಂದೂರದ ಲಗ್ಗು ಮೆಲ್ಲಗೆ ತಣ್ಣಗಾಗುತ್ತ ಬಂತು. ಈಗ ಅದೇ ನಮಗೆ ನಂಬಿಕೆಯ ಥರ್ಮಾಮೀಟರು. ನಾನು ಎಡಗಡೆಯ ಪಟ್ಟಿಯನ್ನು ನೋಡುತ್ತ ಮನಸ್ಸಿನಲ್ಲಿ ಬೇಡಿಕೊಳ್ಳುತ್ತಿದ್ದೆ: ಇಳಿ, ಇಳಿ, ನಿನ್ನ ಪುಣ್ಯ ಬರಲಿ, ಇಳಿ. ಲಗ್ಗು ಹತ್ತು ಡಿಗ್ರಿಗಿಂತ ಹೆಚ್ಚು ಇಳಿಯಿತು. ಟರ್ಮಿನೇಶನ್ನುಗಳ ಮೈಯೂ ತಂಪಾಯಿತು. ಆ ಹಳದಿ ಪಟ್ಟಿ ಮಾತ್ರ ಅಕ್ಕಪಕ್ಕಕ್ಕಿಂತ ಎರಡು ಡಿಗ್ರಿ ಮೇಲೆಯೇ ನಿಂತಿತ್ತು. ಕೂದಲೆಳೆಯಷ್ಟೂ ಕದಲಲಿಲ್ಲ.

ಆ ಪಟ್ಟಿಯನ್ನು ನನ್ನ ಕ್ಯಾಮೆರಾದಲ್ಲೂ ನೋಡಿದೆ. ಹರವು ಬಿಗಿದರೆ ಅದರಲ್ಲೂ ಕಾಣುತ್ತಿತ್ತು.

ಅವಳು ಗೆದ್ದೆ ಎನ್ನುವ ಮುಖ ಮಾಡಲಿಲ್ಲ. ಮಾಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. “ಮ್ಯಾನೇಜರ್‌ಗೆ ನಾನ್ ಹೇಳಿದ್ರೆ ಇನ್ನು ಕೇಳಲ್ಲ ಅಲ್ವಾ ಮೇಡಂ?” ಎಂದಳು ಅಷ್ಟೇ.

ಅದು ನಿಜ. ಬೆಳಿಗ್ಗೆಯಷ್ಟೇ ಅವಳನ್ನು ಅವರ ಮುಂದೆ ನಗೆಪಾಟಲು ಮಾಡಿದವಳು ನಾನು. ಈಗ ಅವಳ ಮಾತಿಗೆ ಆ ಕೋಣೆಯಲ್ಲಿ ಬೆಲೆಯಿಲ್ಲ. ನಾನು ಸುಮ್ಮನಿದ್ದರೆ ಶಟ್‌ಡೌನ್ ಆಗುವುದಿಲ್ಲ. ಹಬ್ಬದವರೆಗೆ ಆ ಟರ್ಮಿನೇಶನ್ನು ತಡೆದರೂ ತಡೆಯಬಹುದು, ಆಮೇಲೆ ಯಾರದೋ ಶಟ್‌ಡೌನಿನಲ್ಲಿ ಯಾರೋ ಬದಲಿಸಿಯಾರು. ಸಹಿ ನನ್ನದಾಗಿ ಉಳಿಯುತ್ತದೆ. ಬೇಲಿಯ ಪಕ್ಕ ನಿಂತು ಒಂದು ಕ್ಷಣ ಆ ಲೆಕ್ಕವನ್ನೂ ಹಾಕಿದೆ. ಅಷ್ಟರಲ್ಲಿ ಸೂಪರ್‌ವೈಸರು ಯಾರ್ಡಿನ ಗೇಟು ತೆಗೆದು, ಪೂಜೆಯ ದಿನ ಹಾಕಿ ಬಾಡಿದ್ದ ಹೂವಿನ ಮಾಲೆ ಬದಲಿಸಲು ಆ ಎಡಗಡೆಯ ಕಂಬದ ಬುಡಕ್ಕೇ ನಡೆದು ಹೋದ. ಅವನ ತಲೆಯಿಂದ ಆ ಹಳದಿ ಪಟ್ಟಿ ಎಷ್ಟು ದೂರವಿತ್ತು? ಕೈಯೆತ್ತಿದ್ದರೆ ಸಾಕಿತ್ತು.

“ಏ! ಹೊರಗ ಬಾ! ಬಾಹೇರ್ ಯೇ!” ಎಂದು ನಾನು ಕಿರುಚಿದ್ದು ನನಗೇ ಅಪರಿಚಿತವೆನ್ನಿಸಿತು. ಅವನು ಬೆದರಿ ಓಡಿ ಬಂದ. ನಾನು ಮ್ಯಾನೇಜರ ಕೋಣೆಗೆ ಹೋದೆ.

ಅವರ ಸಿಟ್ಟು ನ್ಯಾಯವಾಗಿಯೇ ಇತ್ತು. ಬೆಳಿಗ್ಗೆ ನೀವೇ ಎಲ್ಲ ಸರಿಯಿದೆ ಎಂದಿರಿ, ಟ್ಯಾಂಕರುಗಳು ಅರ್ಧ ದಾರಿಯಲ್ಲಿವೆ, ಈಗ ಎರಡು ಡಿಗ್ರಿ ಎನ್ನುತ್ತೀರಿ, ಹಾಲು ಎಲ್ಲಿ ಸುರಿಯಲಿ ಎಂದು ಮೇಜು ಗುದ್ದಿದರು. ನಾನು ಲೋಡ್ ಇಳಿಸಿ ನೋಡಿದ್ದನ್ನು ಹೇಳಿದೆ, ಚಿತ್ರಗಳನ್ನು ತೋರಿಸಿದೆ. ಅವರು ಕೊನೆಗೆ ಕುರ್ಚಿಗೆ ಒರಗಿ ಒಂದೇ ಮಾತು ಕೇಳಿದರು:

“ಮ್ಯಾಡಮ್, ತುಮ್ಹೀ ದೋಘಿ. ಮೀ ಕೋಣಾಚಂ ಐಕೂ?”

ನೀವು ಇಬ್ಬರು, ನಾನು ಯಾರ ಮಾತು ಕೇಳಲಿ ಎಂದು.  

“ತಿಚಂ” ಎಂದೆ. ಅವಳದು. “ಬೆಳಿಗ್ಗೆ ನಾನು ಹೇಳಿದ್ದು ಅರ್ಧ. ಪೂರ್ತಿ ನೋಡಿದವಳು ಅವಳು.”

 ಅವರು ಫೋನ್ ತೆಗೆದು ಮತ್ತೆ ಟ್ಯಾಂಕರುಗಳನ್ನು ತಿರುಗಿಸತೊಡಗಿದರು.

ಲೈನ್ ಬಂದ್ ಆಯಿತು. ಅರ್ತ್ ಹಾಕಿ ಖಾತ್ರಿ ಮಾಡಿಕೊಂಡ ಮೇಲೆ ಜಾಯಿಂಟರು ಏಣಿ ಹತ್ತಿ ಎಡಗಡೆಯ ಲಗ್ಗನ್ನು ಬಿಚ್ಚಿದ. ಟರ್ಮಿನೇಶನ್ನನ್ನು ಕೆಳಗಿಳಿಸಿ ಗೋಣಿಯ ಮೇಲೆ ಮಲಗಿಸಿ, ಮೇಲಿನ ಹೊದಿಕೆಯನ್ನು ಉದ್ದಕ್ಕೆ ಸೀಳಿದ. ಕೊನೆಯ ಪದರವನ್ನೂ ಸುಲಿದ. ಎಂದೋ ಈ ತುದಿ ಕಟ್ಟುವಾಗ ಯಾರದೋ ಚಾಕು ಕಪ್ಪು ಪದರದ ಜೊತೆಗೆ ಒಳಗಿನ ಬಿಳಿಯ ಇನ್ಸುಲೇಶನ್ನಿಗೂ ಇಳಿದಿತ್ತು, ಸುತ್ತಲೂ ಉಂಗುರದಂಥ ಗಾಯ. ಆ ಗಾಯದಿಂದ ಬೂದಿಯಂಥ ಬಿಳಿ ಪುಡಿ ಉದುರಿತು. ಪುಡಿಯ ಕೆಳಗೆ ಇನ್ಸುಲೇಶನ್ನಿನ ಮೇಲೆ ಕರಿ ಗೆರೆಗಳು ಕವಲೊಡೆಯುತ್ತ ಮೇಲಕ್ಕೆ ಹತ್ತಿದ್ದವು. ಜಾಯಿಂಟರು ಉಗುರಿನಿಂದ ಒಂದು ಗೆರೆಯನ್ನು ಕೆರೆದು ನೋಡಿ, ಹಬ್ಬ ಕಾಣುತ್ತಿರಲಿಲ್ಲ ಇದು ಎಂದ. ಸೂಪರ್‌ವೈಸರು ಹಿಂದೆ ಸರಿದು, ತಾನು ಆಗ ನಿಂತಿದ್ದ ಜಾಗವನ್ನೇ ನೋಡುತ್ತಿದ್ದ.

ಮ್ಯಾನೇಜರು ಅವಳ ಕೈ ಕುಲುಕಿದರು. ಅವಳ ಹೆಸರು ಕೇಳಿ ಬರೆದುಕೊಂಡರು. ಪೇಢೆಯ ಡಬ್ಬಿ ಅವಳಿಗೆ ಕೊಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ.  ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗಂತೂ ಏನೂ ಹಗುರಾಗಲಿಲ್ಲ.

ಹೊಸ ಟರ್ಮಿನೇಶನ್ನು ಕಟ್ಟಿ, ಪರೀಕ್ಷೆ ಮುಗಿಸಿ, ಲೈನ್ ಚಾಲೂ ಮಾಡುವಷ್ಟರಲ್ಲಿ ಸಾಹೇಬರ ಫೋನ್ ಬಂತು. ಮ್ಯಾನೇಜರು ಅವರಿಗೆ ಎಲ್ಲ ಹೇಳಿದ್ದರು.

“ಛಲೋ ಆತು ನೋಡ್ರಿ” ಎಂದರು. “ಈ ವರದಿಗೆ ಸಹಿ ಯಾರ್ದು ಹಾಕೂಣು? ನೀವು ಹಿರೇರು, ನೀವ ಹೇಳ್ರಿ.”

ಈ ವರದಿಗೆ ಯಾರ ಸಹಿಯೋ ಹಬ್ಬದ ನಂತರದ ಸೆಕ್ಷನ್ನಿಗೂ ಅವರದೇ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಆಕೀದ ಹಾಕ್ರಿ” ಎಂದೆ. “ಹುಡುಕಿದಾಕಿ ಆಕಿ.”

“ನಿಮಗೇನೂ ಬ್ಯಾಸರಿಲ್ಲಲ್ರಿ?”

“ಭಾಳ ಬ್ಯಾಸರದ. ಆದ್ರೂ ಆಕೀದ ಹಾಕ್ರಿ.”

ಘಾಟ್ ಇಳಿಯುವಾಗ ಡ್ರೈವರು ಚಹಾಕ್ಕೆಂದು ಗಾಡಿ ನಿಲ್ಲಿಸಿ ಇಳಿದು ಹೋದ. ನಾವಿಬ್ಬರೇ ಉಳಿದೆವು. ಅವಳು ಪೇಢೆಯ ಡಬ್ಬಿಯನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ನನಗೆ ತಡೆಯಲಾಗಲಿಲ್ಲ.

“ಇಲ್ಲಿ ಕೇಳು” ಎಂದೆ. “ನಿನ್ನ ಕಂಡ್ರ ನನಗ ಭಾಳ ಹೊಟ್ಟಿಕಿಚ್ಚದ. ಇವತ್ತಿಂದಲ್ಲ, ಮದಲಿಂದನೂ. ಬೆಳಿಗ್ಗೆ ನಾ ಬಂದದ್ದ ನಿನ್ನ ತಪ್ಪು ಹಿಡೀಲಿಕ್ಕೆ.”

ಗಾಬರಿಯಾಗುತ್ತಾಳೆ, ಇಲ್ಲವೇ ಛೆ ಛೆ ಹಾಗೆಲ್ಲ ಅನ್ನಬೇಡಿ ಎನ್ನುತ್ತಾಳೆ ಎಂದುಕೊಂಡಿದ್ದೆ.

“ಗೊತ್ತು ಮೇಡಂ” ಎಂದಳು. “ಇಡೀ ಆಫೀಸಿಗೇ ಗೊತ್ತು.”

“ಇಡೀ ಆಫೀಸಿಗೂ ಏನು?” ಎಂದೆ.

“ಅದಕ್ಕೇ ಇಮೇಜ್ ಬಂದ ತಕ್ಷಣ ನಿಮ್ ಟೇಬಲ್ಲಿಗೇ ತಂದಿದ್ದು” ಎಂದಳು. “ಬೇರೆಯವ್ರಿಗೆ ತೋರ್ಸಿದ್ರೆ ಸೂಪರ್ ಅಂತಾರೆ ಮೇಡಂ. ನೋಡೋದೇ ಇಲ್ಲ. ನೀವೊಬ್ರೇ ನನ್ ಕೆಲ್ಸಾನ ತಪ್ಪು ಸಿಗೋವರ್ಗೂ ನೋಡೋದು. ಈಗ ಸೈನ್ ನಂದಾಯ್ತು ಅಂತ ನೋಡೋದು ಬಿಟ್ಬಿಡ್ತೀರಾ?”

ಅವಳು ತಮಾಷೆಗೆ ಕೇಳಿರಲಿಲ್ಲ. ಅವಳಿಗೆ ನಿಜವಾಗಿ ಹೆದರಿಕೆಯಿತ್ತು. ನಾನು ಅವಳ ತೊಡೆಯ ಮೇಲಿನ ಡಬ್ಬಿಯನ್ನು ಎಳೆದುಕೊಂಡು, ದಾರ ಹರಿದು, ಒಂದು ಪೇಢೆ ಬಾಯಿಗೆ ಹಾಕಿಕೊಂಡೆ.

“ಬಿಡೂದಿಲ್ಲ” ಎಂದೆ. “ಅಷ್ಟ್ ಲಗೂನ ಹೋಗೂ ಹೊಟ್ಟಿಕಿಚ್ಚಲ್ಲ ನಂದು.”